ಎಲೆಯ ಚಿತ್ರ ಸಾಲದು, ನಂಬರ್ ಬೇಕು

ಮಗಳು ಬಾಣಂತನಕ್ಕೆ ಬಂದು ಮೂರು ವಾರವಾಗಿತ್ತು. ಅಳಿಯಂದಿರು ಆನ್‌ಲೈನಿನಲ್ಲಿ ತರಿಸಿದ ಕೂಸಿನ ಅಂಗಿ, ಕುಲಾಯಿ ಬಂದವು. ಐದು ಜೊತೆಗೆ 2,400 ರೂಪಾಯಿ. ನಾನು ಆಗಲೇ ನಮ್ಮ ಮನೆಯವರ ಹಳೆಯ ಧೋತರ ಹರಿದು, ಅಂಚು ಮಡಿಸಿ ಹೊಲಿದು ಇಟ್ಟಿದ್ದೆ. "ಅವ್ವಾ, ಇದು ಆರ್ಗ್ಯಾನಿಕ್ ಐತಿ, ಕೆಮಿಕಲ್ ಇರೂದಿಲ್ಲ" ಅಂದಳು ಮಗಳು.

ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಹಸಿರು ಎಲೆಯ ಚಿತ್ರ, ಕೆಳಗೆ '100% ಕಾಟನ್'. ಅದನ್ನು ಪರೀಕ್ಷಿಸಿದವರ ಹೆಸರಿಲ್ಲ, ಪ್ರಮಾಣಪತ್ರದ ಸಂಖ್ಯೆಯಿಲ್ಲ. ನೀಲಿ ಅಂಗಿಯನ್ನು ಒದ್ದೆ ಕರವಸ್ತ್ರದಿಂದ ತಿಕ್ಕಿದೆ. ಕರವಸ್ತ್ರ ನೀಲಿಯಾಯಿತು.

ಹಾಗಂತ ನಾನು ಸಾವಯವ ಹತ್ತಿಯ ವಿರೋಧಿಯಲ್ಲ. ನನ್ನ ತವರು ಲಕ್ಷ್ಮೇಶ್ವರದ ಕಡೆ. ಜಯಧರ ಹತ್ತಿ ಬಿತ್ತುತ್ತಿದ್ದಾಗ ಅಪ್ಪ ಎಣ್ಣೆ, ಅಂದರೆ ಕೀಟನಾಶಕ, ಹೊಡೆದದ್ದು ನನಗೆ ನೆನಪಿಲ್ಲ. ಆಮೇಲೆ ಜಯಲಕ್ಷ್ಮಿ ತಳಿ ಬಂತು. ಎಳೆ ಉದ್ದ, ರೇಟೂ ಹೆಚ್ಚು, ಹುಳವೂ ಹೆಚ್ಚು. ಎಣ್ಣೆ ಹೊಡೆದು ಬಂದ ದಿನ ಅವ್ವ ಅಪ್ಪನನ್ನು ಪಡಸಾಲೆಗೆ ಬಿಡುತ್ತಿರಲಿಲ್ಲ. ತಮ್ಮ ಆಗ ತೊಟ್ಟಿಲಲ್ಲಿದ್ದ. "ಮೊದಲ ಜಳಕಾ ಮಾಡ್ರಿ, ಕೂಸಿನ ಕಡೆ ಹೋಗಬ್ಯಾಡ್ರಿ" ಅನ್ನುತ್ತಿದ್ದಳು. ಆ ಅಂಗಿಗೆ ಹಿತ್ತಲಲ್ಲಿ ಬೇರೆಯೇ ಕಲ್ಲು. ಎರಡು ಸಲ ಒಗೆದರೂ ವಾಸನೆ ಹೋಗುತ್ತಿರಲಿಲ್ಲ. ಆದರೆ ಅದೇ ಹೊಲಕ್ಕೆ ಹತ್ತಿ ಬಿಡಿಸಲು ಬರುತ್ತಿದ್ದ ಹೆಣ್ಣಾಳುಗಳು ತಮ್ಮ ಕೂಸುಗಳನ್ನು ಬದುವಿನ ಜಾಲಿ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದರು. ಅವರಿಗೆ ಯಾರು ಹೇಳಬೇಕಿತ್ತು? ನಾವಂತೂ ಹೇಳಲಿಲ್ಲ.

2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಕೆಲವು ವರ್ಷ ಸಿಂಪಡಣೆ ತಗ್ಗಿತು. ಈಗ ಗುಲಾಬಿ ಕಾಯಿಕೊರಕ ಅದಕ್ಕೂ ಒಗ್ಗಿಕೊಂಡಿದೆ.

ಆದ್ದರಿಂದ ಸಾವಯವ ಹತ್ತಿಯ ಮೊದಲ ಲಾಭ ಆ ಜೋಲಿಯ ಕೂಸುಗಳಿಗೆ ಎಂಬುದು ನನ್ನ ಮಾತು. ಸಾದಾ ಹತ್ತಿ ಅಂಗಿಯಲ್ಲಿ ವಿಷ ತುಂಬಿದೆ ಎಂದು ಬಾಣಂತಿಯರನ್ನು ಹೆದರಿಸುವ ಜಾಹೀರಾತು ನನಗೆ ಸೇರುವುದಿಲ್ಲ. ಬಟ್ಟೆ ತಯಾರಾಗುವಾಗ ಕ್ಷಾರದಲ್ಲಿ ಕುದಿದು, ಬ್ಲೀಚ್ ಆಗಿ, ಹೊಲದ ಔಷಧಿ ಬಹುಪಾಲು ತೊಳೆದುಹೋಗಿರುತ್ತದೆ. ಮನೆಯ ಕೂಸಿನ ಚರ್ಮಕ್ಕೆ ತಾಕುವುದು ಆಮೇಲೆ ಸೇರಿಸಿದ್ದು: ಬಣ್ಣ, ಸುಕ್ಕು ಬೀಳದಿರಲೆಂದು ಕೊಡುವ ಫಾರ್ಮಾಲ್ಡಿಹೈಡ್ ಲೇಪ. ಹತ್ತಿ ಎಷ್ಟೇ ಶುದ್ಧವಾಗಿ ಬೆಳೆದಿದ್ದರೂ ಬಣ್ಣದ ಕಾರ್ಖಾನೆಯಲ್ಲಿ ಕೆಡಬಹುದು.

ಅದಕ್ಕೇ ಸಾವಯವ ಬಟ್ಟೆಯ ಅಂತರರಾಷ್ಟ್ರೀಯ ಮಾನದಂಡವಾದ ಗಾಟ್ಸ್‌ನಂಥ ಪ್ರಮಾಣಪತ್ರ ಬೇಕಾಗುವುದು. ಅದು ಹೊಲಕ್ಕೆ ನಿಲ್ಲದೆ ಜಿನ್ನಿಂಗ್, ನೂಲು, ಬಣ್ಣ, ಹೊಲಿಗೆಯವರೆಗೂ ಲೆಕ್ಕ ಕೇಳುತ್ತದೆ. 'ಆರ್ಗ್ಯಾನಿಕ್' ದರ್ಜೆಯ ಗುರುತಿಗೆ ಕನಿಷ್ಠ 95% ಸಾವಯವ ಎಳೆ ಇರಬೇಕು, ಅದರ ಕೆಳಗಿನ ದರ್ಜೆಗೆ 70%. ಕೂಸುಗಳ ಬಟ್ಟೆ ಜೊಲ್ಲಿಗೆ ಬಣ್ಣ ಬಿಡಬಾರದು ಎಂಬ ಪರೀಕ್ಷೆಯೂ ಉಂಟು. ಈ ನಿಯಮ ಬರೆದವರ ಮನೆಯಲ್ಲಿ ಅಂಗಿಯ ತುದಿ ಚೀಪುವ ಕೂಸು ಇದ್ದಿರಬೇಕು!

ಪ್ರಮಾಣಪತ್ರವೂ ದೇವರ ಪ್ರಸಾದವಲ್ಲ. 2020ರಲ್ಲಿ ನಮ್ಮ ದೇಶದ 20,000 ಟನ್ ಹತ್ತಿಗೆ ನಕಲಿ ಪತ್ರ ಸೃಷ್ಟಿಸಿದ್ದನ್ನು ಗಾಟ್ಸ್‌ನವರೇ ಬಯಲಿಗೆಳೆದರು. ಆದರೂ ನಂಬರ್ ಇದ್ದರೆ ಅವರ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಎಲೆಯ ಚಿತ್ರ ಹಿಡಿದು ಎಲ್ಲಿ ಹುಡುಕುತ್ತೀರಿ?

ಬೆಲೆ ಹೆಚ್ಚು, ನಿಜ. ಹೊಲವನ್ನು ಸಾವಯವಕ್ಕೆ ತಿರುಗಿಸುವ ಮೊದಲ ಎರಡು ವರ್ಷ ರೈತ ಔಷಧಿ ಹೊಡೆಯುವಂತಿಲ್ಲ, ಸಾವಯವದ ಬೆಲೆಯೂ ಕೈಗೆ ಸಿಗುವುದಿಲ್ಲ. ಆ ನಷ್ಟವನ್ನು ಯಾರೋ ತುಂಬಲೇಬೇಕಲ್ಲ. ಕೂಸು ಮೂರು ತಿಂಗಳಿಗೆ ಅಂಗಿ ಮೀರಿ ಬೆಳೆಯುತ್ತದೆ. ಐದು ಜೊತೆ ಯಾಕೆ? ಖರೆ ಪ್ರಮಾಣಪತ್ರ ಇರುವ ಎರಡು ಜೊತೆ ಕೊಳ್ಳಿ, ಬಣ್ಣವಿಲ್ಲದ್ದಾದರೆ ಇನ್ನೂ ಒಳ್ಳೆಯದು. ಉಳಿದದ್ದಕ್ಕೆ ನೂರು ಸಲ ಒಗೆದು ಮೆತ್ತಗಾದ ಧೋತರ ಇದ್ದೇ ಇದೆ. ಅಂಗಡಿಯವರನ್ನು ನಂಬರ್ ಕೇಳಿ, ಸಂಕೋಚ ಬೇಡ.

ಮಗಳೂ ಕೇಳಿ ಇ-ಮೇಲ್ ಹಾಕಿದ್ದಾಳೆ. ಇಪ್ಪತ್ತು ದಿನವಾಯಿತು, ಉತ್ತರ ಬಂದಿಲ್ಲ.