ಹವ್ಯಾಸದ ಚಾಕು: ಅವಸರವೇಕೆ, ಅರ ಸಾಕು

ಮನೆಯಲ್ಲೇ ಕೈಯಾರೆ ಚಾಕು ತಯಾರಿಸುವ ಹವ್ಯಾಸ ಈಗ ನಮ್ಮ ಊರುಗಳಲ್ಲೂ ಕಾಣಿಸಿಕೊಂಡಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯ ಒಂದು ತುಂಡು, ಹಿಡಿಗೆ ಒಂದಿಷ್ಟು ಮರ ಸಿಕ್ಕರೆ ಕೆಲಸ ಶುರು. 'ಡಾಕ್ಟ್ರೇ, ನಮ್ಮನೆಯವರಿಗೆ ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?' ಎಂದು ಕೇಳುವ ಗೃಹಿಣಿಯರಿದ್ದಾರೆ. ಬೇಡವೆನ್ನಲು ನನಗೆ ಕಾರಣ ಕಾಣುವುದಿಲ್ಲ. ದಿನವಿಡೀ ಕುರ್ಚಿಗೆ ಅಂಟಿಕೊಂಡವರಿಗೆ ಕೈ, ಕಣ್ಣು, ಮನಸ್ಸು ಮೂರನ್ನೂ ಒಂದೇ ಕಡೆ ನಿಲ್ಲಿಸುವ ಕೆಲಸ ಒಳ್ಳೆಯದೇ. ಆದರೆ ಮನೆಯವರು ಹೆದರುವುದು ಚಾಕುವಿನ ಅಲಗಿಗೆ. ವೈದ್ಯನಾದ ನಾನು ಹೆದರುವುದು ಅದನ್ನು ಅರೆಯುವ ಯಂತ್ರಕ್ಕೆ.

ಇಂಗ್ಲೆಂಡಿನ ಶೆಫೀಲ್ಡ್ ನಗರ ಚಾಕು, ಚೂರಿಗಳಿಗೆ ಜಗತ್ಪ್ರಸಿದ್ಧ. ಅಲ್ಲಿನ ವೈದ್ಯ ಆರ್ನಾಲ್ಡ್ ನೈಟ್ 1830ರಲ್ಲಿ ಸಾಣೆಗಾರರ ಉಬ್ಬಸದ ಬಗ್ಗೆ ಬರೆದರು. ಒಣ ಕಲ್ಲಿನಲ್ಲಿ ಮಸೆಯುವವರ ಸರಾಸರಿ ಆಯುಷ್ಯ ಸುಮಾರು 35 ವರ್ಷ, ನೀರು ಹಾಕಿ ಮಸೆಯುವವರು 45 ದಾಟುವುದು ಅಪರೂಪ ಎಂದು ನೈಟ್ ಅವರನ್ನು ಆಧರಿಸಿ ಎಂಗೆಲ್ಸ್ 1845ರಲ್ಲಿ ದಾಖಲಿಸಿದ. ಮರಳುಗಲ್ಲಿನ ಸೂಕ್ಷ್ಮ ದೂಳು ಶ್ವಾಸಕೋಶವನ್ನು ಗಟ್ಟಿಯಾಗಿಸಿ ಅವರನ್ನು ಕೊಲ್ಲುತ್ತಿತ್ತು. ಬರೀ ನೀರಿನಿಂದ ಹತ್ತು ವರ್ಷದ ವ್ಯತ್ಯಾಸ!

ಇಂದಿನ ಸಾಣೆಚಕ್ರಗಳು ಮರಳುಗಲ್ಲಿನವಲ್ಲ, ನಿಜ. ಹವ್ಯಾಸಿಗಳು ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರೂ ಅಲ್ಲ. ಹಾಗೆಂದು ದೂಳು ನಿರಪಾಯಕಾರಿಯಲ್ಲ. ಹಿಡಿಗೆ ಬಳಸುವ ಬೀಟೆ ಮರದ ಪುಡಿ ಕೆಲವರಿಗೆ ಚರ್ಮದ ಅಲರ್ಜಿ ತರುತ್ತದೆ. ಮರದ ದೂಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ವರ್ಗೀಕರಿಸಿದೆ. ಕಾರ್ಖಾನೆಯಲ್ಲಾದರೆ ದೂಳು ಹೀರುವ ವ್ಯವಸ್ಥೆ ಇರಬೇಕೆಂದು ಕೇಳುವವರಿದ್ದಾರೆ. ನಿಮ್ಮ ಬಾಲ್ಕನಿಯಲ್ಲಿ ಯಾರಿದ್ದಾರೆ? ಅಲ್ಲಿ ಎದ್ದ ದೂಳನ್ನು ಪಕ್ಕದ ಕೋಣೆಯ ಮಗುವೂ ಕುಡಿಯುತ್ತದೆ.

ಇನ್ನು ಕಣ್ಣು. ಗ್ರೈಂಡರ್‌ನಿಂದ ಸಿಡಿದ ಕಬ್ಬಿಣದ ಚೂರು ಕಾರ್ನಿಯಾದ ಮೇಲೆ ಕುಳಿತರೆ ಒಂದೆರಡು ದಿನದೊಳಗೆ ಸುತ್ತ ತುಕ್ಕಿನ ಉಂಗುರ ಕಟ್ಟುತ್ತದೆ. ವೇಗವಾಗಿ ಬಂದ ಚೂರು ಕಣ್ಣಿನೊಳಗೇ ಹೊಕ್ಕರೆ ಕೆಲವೊಮ್ಮೆ ಹೆಚ್ಚು ನೋವೇ ಇರುವುದಿಲ್ಲ. ಆದರೆ ಒಳಗುಳಿದ ಕಬ್ಬಿಣ ನಿಧಾನವಾಗಿ ಅಕ್ಷಿಪಟವನ್ನು ಹಾಳುಮಾಡಬಲ್ಲದು. ಆದ್ದರಿಂದ ಕಣ್ಣು ಉಜ್ಜಬೇಡಿ, ಸೆರಗಿನ ತುದಿಯಿಂದಲೋ ಬೆಂಕಿಕಡ್ಡಿಯಿಂದಲೋ ತೆಗೆಯಲು ಹೋಗಬೇಡಿ. ಅದೇ ದಿನ ನೇತ್ರತಜ್ಞರಿಗೆ ತೋರಿಸಿ. ಮುಂದೆಂದಾದರೂ ಎಂ.ಆರ್.ಐ. ಸ್ಕ್ಯಾನ್ ಮಾಡಿಸಬೇಕಾಗಿ ಬಂದರೆ ಕಣ್ಣಿಗೆ ಲೋಹ ಸಿಡಿದಿತ್ತೆಂದು ಮೊದಲೇ ತಿಳಿಸಿ. ಆ ಯಂತ್ರದ ಅಯಸ್ಕಾಂತ ಒಳಗಿನ ಚೂರನ್ನು ಕದಲಿಸಬಲ್ಲದು. ದಿನನಿತ್ಯ ಹಾಕುವ ಕನ್ನಡಕ ರಕ್ಷಣೆಯಲ್ಲ. ಪಕ್ಕಗಳೂ ಮುಚ್ಚಿರುವ ಗಾಗಲ್ಸ್ ಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯ ಸರಳ. ಯಂತ್ರ ಬೇಕಾದದ್ದು ಸಂಜೆಯೊಳಗೆ ಹತ್ತು ಚಾಕು ಮಾರಿ ಹೊಟ್ಟೆ ಹೊರೆಯುವವರಿಗೆ. ಹವ್ಯಾಸಿಗೆ ಗಡುವಿಲ್ಲ, ಗಿರಾಕಿಯೂ ಇಲ್ಲ. ಅವರಿಗೆ ಅರ ಸಾಕು. ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೆ ಉಕ್ಕು ಮೆತ್ತಗಾಗಿ ಅರಕ್ಕೆ ಮಣಿಯುತ್ತದೆ. ಅರದ ಪುಡಿ ದಪ್ಪ. ಬಹುಪಾಲು ಗಾಳಿಯಲ್ಲಿ ತೇಲದೆ ಕೆಳಗೆ ಬೀಳುತ್ತದೆ. ನುಣುಪು ಮಾಡಲು ನೀರಿನಲ್ಲಿ ಬಳಸುವ ಎಮರಿ ಪೇಪರ್ ಇದೆ. ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಹಿಡಿಯ ಮರ ಉಜ್ಜುವಾಗ ಎನ್-95 ಮಾಸ್ಕ್ ಇರಲಿ.

ಕಾಯಿಸಿ ಹದ ಹಾಕುವ ಕೆಲಸವನ್ನು ನಿಮ್ಮೂರಿನ ಕಮ್ಮಾರರಿಗೆ ಬಿಡಿ. ಅವರಿಗೂ ನಾಲ್ಕು ಕಾಸು, ನಿಮಗೂ ನಾಲ್ಕು ಪಾಠ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆದೀತು. ಸತು ಲೇಪಿಸಿದ ಕಬ್ಬಿಣವನ್ನಂತೂ ಕುಲುಮೆಗೆ ಹಾಕಲೇಬೇಡಿ; ಅದರ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ.

ಬೆರಳು ಕೊಯ್ದುಕೊಂಡರೆ ಕಾಫಿಪುಡಿ, ಅರಿಶಿನ ತುಂಬಬೇಡಿ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ, ಕೈ ಮೇಲಕ್ಕೆತ್ತಿ ಹಿಡಿಯಿರಿ. ಬೆರಳು ಮಡಿಸಲಾಗದಿದ್ದರೆ ಅಥವಾ ತುದಿ ಜೋಮು ಹಿಡಿದರೆ ಸ್ನಾಯುರಜ್ಜು ಇಲ್ಲವೇ ನರ ತುಂಡಾಗಿರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಧನುರ್ವಾಯು ಬರುವುದು ತುಕ್ಕಿನಿಂದಲ್ಲ, ಮಣ್ಣು, ಕೊಳೆಯಲ್ಲಿರುವ ರೋಗಾಣುವಿನಿಂದ. ಅದರ ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ ಬೇಕು. ಗಾಯ ಕೊಳಕಾಗಿದ್ದು, ಹಿಂದಿನದಕ್ಕೆ ಐದು ವರ್ಷ ಕಳೆದಿದ್ದರೆ ಆಗಲೇ ಬೇಕು.

ಗೃಹಿಣಿಯರೇ, ಮನೆಯವರ ಹವ್ಯಾಸಕ್ಕೆ ಅಡ್ಡ ಬರಬೇಡಿ. ಗ್ರೈಂಡರ್ ಮನೆಗೆ ಬರುವುದಕ್ಕೆ ಮಾತ್ರ ಅಡ್ಡ ಬನ್ನಿ. ಒಂದು ಚಾಕುವಿಗೆ ಒಂದು ತಿಂಗಳು ಹಿಡಿದರೆ ಹಿಡಿಯಲಿ. ತರಕಾರಿ ಹೆಚ್ಚಲು ಅಲ್ಲಿಯವರೆಗೆ ಈಳಿಗೆಮಣೆ ಇದ್ದೇ ಇದೆಯಲ್ಲ.