ಬಿಡುಗಡೆಗೆ ಇಪ್ಪತ್ತು ಮಿನಾ

ಪ್ರಾಚೀನ ಅಥೆನ್ಸಿನ ಗೃಹಸ್ಥನು ಗೆಳೆಯರನ್ನು ಪಾನಗೋಷ್ಠಿಗೆ ಕರೆದಾಗ ಅವನ ಧರ್ಮಪತ್ನಿ ಅಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಅತಿಥಿಗಳೊಡನೆ ಕುಳಿತು ಮಾತು, ಗಾನ, ವಿನೋದಗಳಲ್ಲಿ ಭಾಗಿಯಾಗುತ್ತಿದ್ದವಳು ಗಣಿಕೆ. ಗ್ರೀಕರು ಅವಳಿಗಿಟ್ಟ ಹೆಸರು ‘ಹೆಟೈರಾ’, ಅಂದರೆ ಸಂಗಾತಿ. ಈ ಸವಿನುಡಿಯ ಹಿಂದೆ ಅಡಗಿದ್ದ ಬಾಳು ಎಂತಹುದೆಂಬುದನ್ನು ನೇಯಿರಾ ಎಂಬವಳ ವೃತ್ತಾಂತ ತಿಳಿಸುತ್ತದೆ.

ಕಾರಿಂಥ್ ನಗರದ ನಿಕರೇಟೆ ಎಂಬಾಕೆ ಏಳು ಮಂದಿ ಎಳೆಯ ಬಾಲೆಯರನ್ನು ಕೊಂಡು ಸಾಕಿದಳು. ಸ್ವತಂತ್ರ ಕುಲದ ಹುಡುಗಿಯರೆಂದರೆ ಹೆಚ್ಚು ಹಣ ಬರುತ್ತಿದ್ದುದರಿಂದ ಅವರನ್ನು ತನ್ನ ಮಕ್ಕಳೆಂದೇ ಹೇಳಿಕೊಳ್ಳುತ್ತಿದ್ದಳು. ಅವರಲ್ಲೊಬ್ಬಳು ನೇಯಿರಾ. ಮುಂದೆ ಇಬ್ಬರು ಪುರುಷರು ಕೂಡಿ ಅವಳನ್ನು 30 ಮಿನಾಗಳಿಗೆ, ಎಂದರೆ 3,000 ದ್ರಾಕ್ಮಾಗಳಿಗೆ, ಕೊಂಡುಕೊಂಡರು. ಕುಶಲ ಕೆಲಸಗಾರನಿಗೆ ದಿನಕ್ಕೆ ಒಂದೆರಡು ದ್ರಾಕ್ಮಾ ಕೂಲಿ ದೊರೆಯುತ್ತಿದ್ದ ಕಾಲವದು.

ಆ ಇಬ್ಬರೂ ವಿವಾಹವಾಗಲು ಹೊರಟಾಗ ಅವಳಿಗೊಂದು ದಾರಿ ತೋರಿದರು: 20 ಮಿನಾ ತಂದುಕೊಟ್ಟರೆ ಬಿಡುಗಡೆ, ಆದರೆ ಕಾರಿಂಥ್‌ನಲ್ಲಿ ಅವಳು ವೃತ್ತಿ ನಡೆಸಕೂಡದು. ಹಳೆಯ ಪ್ರಣಯಿಗಳಿಂದ ಹಣ ಕೂಡಿಸಿದಳು. ಕೊರತೆ ಬಿದ್ದುದನ್ನು ಅಥೆನ್ಸಿನ ಫ್ರಿನಿಯಾನ್ ತುಂಬಿಕೊಟ್ಟು ಅವಳನ್ನು ತನ್ನೊಡನೆ ಕರೆದೊಯ್ದನು. ಅವನ ಅವಮಾನಗಳನ್ನು ಸಹಿಸಲಾರದೆ ಅವಳು ಮೆಗಾರಾ ನಗರಕ್ಕೆ ಓಡಿದಳು. ಅಲ್ಲಿ ಪರಿಚಯವಾದ ಸ್ಟೆಫನಸನ ಆಶ್ರಯದಲ್ಲಿ ಅಥೆನ್ಸಿಗೆ ಮರಳಿದಾಗ ಫ್ರಿನಿಯಾನ್ ಅವಳು ತನ್ನ ಸೊತ್ತೆಂದು ಹಕ್ಕು ಸಾಧಿಸಲು ಬಂದನು. ಪಂಚಾಯಿತರ ತೀರ್ಮಾನ ವಿಚಿತ್ರವಾಗಿತ್ತು: ಅವಳು ಸ್ವತಂತ್ರಳು, ತನಗೆ ತಾನೇ ಒಡತಿ; ಆದರೂ ಸರದಿಯಂತೆ ಒಂದೊಂದು ದಿನ ಇಬ್ಬರೊಡನೆಯೂ ಇರತಕ್ಕದ್ದು!

ಕಥೆ ಇಲ್ಲಿಗೆ ಮುಗಿಯಲಿಲ್ಲ. ತಂದೆತಾಯಿಗಳಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗನಿಗೆ ಪೌರತ್ವವೆಂದು ಪೆರಿಕ್ಲೀಸನು ಕ್ರಿ. ಪೂ. 451ರಲ್ಲಿ ಕಾನೂನು ಮಾಡಿದ್ದನು. ಪರದೇಶದ ಹೆಣ್ಣು ಪೌರನ ಪತ್ನಿಯಾಗಿ ಬಾಳುವುದೂ ಕಾಲಕ್ರಮದಲ್ಲಿ ಅಪರಾಧವಾಯಿತು. ಕ್ರಿ. ಪೂ. 340ರ ಸುಮಾರಿಗೆ ಸ್ಟೆಫನಸನ ಬದ್ಧವೈರಿ ಅಪೊಲೊಡೋರಸನು ಇದೇ ಆರೋಪದ ಮೊಕದ್ದಮೆಯಲ್ಲಿ ನೇಯಿರಾಳ ವಿರುದ್ಧ ವಾದಿಸಿದನು. ಅದು ರುಜುವಾತಾದರೆ ಸ್ಟೆಫನಸನಿಗೆ 1,000 ದ್ರಾಕ್ಮಾ ದಂಡ. ನೇಯಿರಾಳಿಗೆ ಮರಳಿ ದಾಸ್ಯದ ಮಾರಾಟ. ಪುರುಷರಿಬ್ಬರ ಹಗೆತನಕ್ಕೆ ಪಣವಾದುದು, ಐವತ್ತರ ಆಸುಪಾಸಿನಲ್ಲಿದ್ದ ಹೆಂಗಸಿನ ಸ್ವಾತಂತ್ರ್ಯ!

ಡೆಮಾಸ್ತನೀಸನ ಭಾಷಣಗಳ ಸಂಗ್ರಹದಲ್ಲಿ ಅಪೊಲೊಡೋರಸನ ವಾದ ಇಂದಿಗೂ ಉಳಿದಿದೆ. ನ್ಯಾಯಸ್ಥಾನದ ತೀರ್ಪು ಉಳಿದಿಲ್ಲ. ಅಲ್ಲಿ ಬಾಯಿ ತೆರೆಯುವ ಹಕ್ಕು ಹೆಣ್ಣಿಗಿರಲಿಲ್ಲ. ಆದುದರಿಂದ ನೇಯಿರಾಳ ಬಾಳಿನ ಇಷ್ಟು ಸಂಗತಿಗಳೂ ಲೋಕಕ್ಕೆ ತಿಳಿದುಬಂದದ್ದು ಅವಳನ್ನು ಮತ್ತೆ ದಾಸಿಯಾಗಿಸಲು ಹೊರಟವನ ಬಾಯಿಂದಲೇ.