ಶರಾವತಿ ಕೊಟ್ಟದ್ದೆಷ್ಟು, ಇನ್ನೂ ಕೊಡಬೇಕಾದದ್ದೆಷ್ಟು?

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಗೊಂಡಿತು. ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಮೀರಿ ಚಾಚಿದ ಈ ಸೇತುವೆ ಎಂಜಿನಿಯರುಗಳ ಕೌಶಲಕ್ಕೆ ಸಾಕ್ಷಿಯೆಂಬುದರಲ್ಲಿ ಸಂಶಯವಿಲ್ಲ. ಸಿಗಂದೂರಿನ ಯಾತ್ರಿಕರೂ ತುಮರಿಯ ರೈತರೂ ಒಟ್ಟಿಗೇ ಸಂಭ್ರಮಿಸಿದರು. ಆ ಸಂಭ್ರಮದ ನಡುವೆ ಒಂದು ಲೆಕ್ಕ ಮಾತ್ರ ಮರೆಯುವಂತಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಎದ್ದು ಕರೂರು ಸೀಮೆಯ ದಾರಿಗಳು ನೀರಿನಡಿ ಸೇರಿದ್ದು 1964ರಲ್ಲಿ. ದಾರಿ ಕಿತ್ತುಕೊಂಡ ರಾಜ್ಯವು ಅದನ್ನು ಹಿಂತಿರುಗಿಸಲು ತೆಗೆದುಕೊಂಡ ಕಾಲ ಅರವತ್ತೊಂದು ವರ್ಷ. ಅಷ್ಟೂ ಕಾಲ ಹೆರಿಗೆ ನೋವಿನವರು, ಹಾವು ಕಚ್ಚಿದವರು, ಪರೀಕ್ಷೆಗೆ ಹೊರಟ ಮಕ್ಕಳು ಲಾಂಚ್‌ಗಾಗಿ ದಡದಲ್ಲಿ ಕಾದರು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಬೆಳಗಿನ ತನಕ ದ್ವೀಪವೇ ಗತಿ. ಮಳೆ ತಡವಾದ ವರ್ಷಗಳಲ್ಲಿ ಹಿನ್ನೀರು ಇಳಿದು, ಲಾಂಚ್‌ಗೆ ವಾಹನ ಏರಿಸುವುದೂ ನಿಂತುಹೋಗುತ್ತಿತ್ತು.

ವಿದ್ಯುತ್ತಿಗೆ ಮಾತ್ರ ಹೀಗೆ ಕಾಯುವ ಕಷ್ಟವಿರಲಿಲ್ಲ. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರ, 1960ರ ದಶಕದಲ್ಲಿ 1035 ಮೆಗಾವಾಟಿನ ಶರಾವತಿ ಕೇಂದ್ರ, ಆನಂತರ ಲಿಂಗನಮಕ್ಕಿ, ಕೊನೆಗೆ ಗೇರುಸೊಪ್ಪೆಯ 240 ಮೆಗಾವಾಟ್. ಒಂದೇ ನದಿಯಿಂದ ಸುಮಾರು 1470 ಮೆಗಾವಾಟ್. ಈ ವಿದ್ಯುತ್ತು ಘಟ್ಟ ಬಿಟ್ಟು ಬಯಲಿಗೆ ಹರಿದು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು. ಮುಳುಗಡೆಯವರ ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಉರಿದದ್ದು ಸೀಮೆಎಣ್ಣೆಯ ಬುಡ್ಡಿ. ಹಿರೇಭಾಸ್ಕರ ಅಣೆಕಟ್ಟಿನಿಂದ ಒಮ್ಮೆ, ಲಿಂಗನಮಕ್ಕಿಯಿಂದ ಮತ್ತೊಮ್ಮೆ, ಹೀಗೆ ಎರಡು ಸಲ ಒಕ್ಕಲೆದ್ದ ಕುಟುಂಬಗಳೂ ಇವೆ.

ಈಗ ಅದೇ ಕಣಿವೆಯನ್ನು ಮತ್ತೆ ಕೇಳಲಾಗುತ್ತಿದೆ. ಯೋಜನೆಯ ಹೆಸರು ಶರಾವತಿ ಪಂಪ್ಡ್ ಸ್ಟೋರೇಜ್. ಸಾಮರ್ಥ್ಯ 2000 ಮೆಗಾವಾಟ್. ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪೆ ಕೆಳಗಿನದು. ಬೇಡಿಕೆ ಏರಿದ ಹೊತ್ತಿನಲ್ಲಿ ಮೇಲಿನ ನೀರನ್ನು ಸುರಂಗದ ಮೂಲಕ ಕೆಳಗಿಳಿಸಿ ವಿದ್ಯುತ್ ತೆಗೆಯುವುದು, ವಿದ್ಯುತ್ ಮಿಕ್ಕ ಹೊತ್ತಿನಲ್ಲಿ ಅದೇ ನೀರನ್ನು ಪಂಪು ಮಾಡಿ ಮೇಲಕ್ಕೆ ಹತ್ತಿಸುವುದು. 2025ರ ಜೂನ್ ತಿಂಗಳಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಸೆಪ್ಟೆಂಬರಿನಲ್ಲಿ ಸಾಗರ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನ ಇದನ್ನು ಒಕ್ಕೊರಲಿನಿಂದ ವಿರೋಧಿಸಿದರು.

ಇದು ವಿದ್ಯುತ್ ಉತ್ಪಾದಿಸುವ ಯೋಜನೆಯೆಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಇದು ವಿದ್ಯುತ್ ನುಂಗುವ ಯೋಜನೆ. ನೀರನ್ನು ಮೇಲೇರಿಸಲು ನೂರು ಯೂನಿಟ್ ಸುಟ್ಟರೆ ಇಳಿಯುವಾಗ ಮರಳಿ ದಕ್ಕುವುದು ಸುಮಾರು ಎಪ್ಪತ್ತೈದರಿಂದ ಎಂಬತ್ತು. ಉಳಿದದ್ದು ನಷ್ಟ. ಹಾಗಿದ್ದರೂ ಇಂಥ ವ್ಯವಸ್ಥೆಗೆ ಒಂದು ಸಮರ್ಥನೆಯುಂಟು, ಅದನ್ನು ನ್ಯಾಯವಾಗಿ ಒಪ್ಪಬೇಕು. ಪಾವಗಡದ 2050 ಮೆಗಾವಾಟಿನ ಸೌರ ಉದ್ಯಾನ ಬಿಸಿಲಿದ್ದಾಗಲಷ್ಟೇ ದುಡಿಯುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೂರ್ಯನಿರುವುದಿಲ್ಲ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕಾಪಿಡುವ ಉಪಾಯ ರಾಜ್ಯಕ್ಕೆ ಬೇಕು. ಪ್ರಶ್ನೆ ಇರುವುದು ಕಣಜ ಎಲ್ಲಿರಬೇಕು ಎಂಬಲ್ಲಿ. ಬಯಲಿನಲ್ಲಿ ಬೆಳೆದ ಪೈರಿಗೆ ನಿತ್ಯಹರಿದ್ವರ್ಣ ಕಾಡಿನ ನಡುವೆ ಕಣಜ ಕಟ್ಟಬೇಕೇ? ಬ್ಯಾಟರಿ ಸಂಗ್ರಹಾಗಾರವನ್ನು ಸೌರ ಫಲಕಗಳ ಪಕ್ಕದಲ್ಲೇ, ಪಾವಗಡದ ಬರಡು ನೆಲದಲ್ಲೇ ನಿಲ್ಲಿಸಬಹುದು. ಬ್ಯಾಟರಿಗೂ ದೋಷಗಳಿವೆ: ಅದರ ಆಯುಸ್ಸು ಕಡಿಮೆ, ಅದರ ಲೋಹಕ್ಕಾಗಿ ಬೇರೆಲ್ಲೋ ಒಂದು ನೆಲವನ್ನು ಅಗೆಯಬೇಕು. ಆದರೆ ಹಳೆಯ ಬ್ಯಾಟರಿಯನ್ನು ಬದಲಾಯಿಸಬಹುದು. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು ಬದಲಾಯಿಸಲು ಯಾವ ಟೆಂಡರೂ ಸಾಲದು.

ಬೇಕಾಗಿರುವ ಅರಣ್ಯ ಕೇವಲ 54 ಹೆಕ್ಟೇರ್ ಎಂಬುದು ಅಧಿಕಾರಿಗಳ ಮುಖ್ಯ ವಾದ. ಅದರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಮರಗಳಿವೆಯೆಂಬುದು ಒಂದು ಮಾತು. ಅದು ಬರಿಯ ವಿಸ್ತೀರ್ಣದ ಲೆಕ್ಕ ಎಂಬುದು ಇನ್ನೊಂದು. ಈ ಪ್ರದೇಶ 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗಿದೆ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ. ಅದಕ್ಕೆ ಬೇಕಾದದ್ದು ಹರಿಯದ ಹಸಿರು ಚಪ್ಪರ. ಲಾರಿ ಓಡಾಡುವಷ್ಟು ಅಗಲದ ರಸ್ತೆಯೊಂದು ಆ ಚಪ್ಪರವನ್ನು ಸೀಳಿದರೆ ಹಿಂಡು ಎರಡಾಗುತ್ತದೆ. ಸೀರೆಯ ನಡುವೆ ಕತ್ತರಿಯಾಡಿಸಿ, ಹೋದದ್ದು ಎರಡೇ ಎಳೆ ಎಂದರೆ ಉಡುವವರು ಒಪ್ಪುವರೇ?

ತಂತಿಗಳ ವಿಚಾರವೂ ಇದೆ. 400 ಕಿಲೋವೋಲ್ಟ್ ಮಾರ್ಗಕ್ಕೆ ಸಾಮಾನ್ಯವಾಗಿ 46 ಮೀಟರ್ ಅಗಲದ ಪಟ್ಟಿ ಬೇಕು. ಅಂದರೆ ಒಂದು ಕಿಲೋಮೀಟರಿಗೆ ಹನ್ನೊಂದು ಎಕರೆಗೂ ಮಿಗಿಲು. ಕೈಗಾದಿಂದ ಹೊರಟ ಮಾರ್ಗಗಳಡಿ ಏನು ಉಳಿದಿದೆಯೆಂಬುದನ್ನು ಯಲ್ಲಾಪುರದ ಕಡೆಯವರು ಬಲ್ಲರು. ತಂತಿಯ ಕೆಳಗೆ ಅಡಿಕೆ ಮರ ಎತ್ತರಕ್ಕೆ ಬೆಳೆಯುವಂತಿಲ್ಲ. ಸೊಪ್ಪಿನ ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರವಿಲ್ಲ. ಪರಿಹಾರದ ಪಟ್ಟಿಯಲ್ಲಿ ಮರಕ್ಕೆ ಬೆಲೆಯುಂಟು, ಸೊಪ್ಪಿಗಿಲ್ಲ.

ಮಲೆನಾಡಿನ ಮೂಲಕ ಹಾದುಹೋಗುವ ದಾರಿಗಳ ಕಥೆಯೂ ವಿದ್ಯುತ್ತಿನದಕ್ಕಿಂತ ಭಿನ್ನವಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗವನ್ನು 1990ರ ದಶಕದಲ್ಲಿ ಮುಂದಿಟ್ಟಾಗ ಮುಖ್ಯವಾಗಿ ಹೇಳಿದ ಕಾರಣ ಬಳ್ಳಾರಿ-ಹೊಸಪೇಟೆಯ ಅದಿರಿನ ಸಾಗಣೆ. 2010ರಲ್ಲಿ ರಾಜ್ಯ ಸರ್ಕಾರವೇ ಅದಿರಿನ ರಫ್ತನ್ನು ತಡೆಯಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ರಫ್ತಿಗೆ ಮತ್ತೆ ಅನುಮತಿ ದೊರೆತದ್ದು 2022ರಲ್ಲಿ. ಅದಿರು ಇಲ್ಲದಿದ್ದಾಗಲೂ ರೈಲಿನ ಬೇಡಿಕೆ ಮಾತ್ರ ಬತ್ತಲಿಲ್ಲ. ಕಾರಣ ಬದಲಾಯಿತು, ಕಡತ ಮುಂದೆ ಸಾಗಿತು. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಾಗ ಅಪಾಯದಲ್ಲಿದ್ದದ್ದು ಸುಮಾರು 595 ಹೆಕ್ಟೇರ್ ಕಾಡು, ಎರಡು ಲಕ್ಷದಷ್ಟು ಮರ. ಹೈಕೋರ್ಟು ತಡೆಯಾಜ್ಞೆ ನೀಡಬೇಕಾಯಿತು.

ಘಟ್ಟದ ಮಣ್ಣನ್ನು ಅರಿಯದವರು ಬರೆದ ನಕಾಶೆಗಳು ಇವು. ಇಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ, ಕೆಳಗೆ ನುಣುಪಾದ ಶೇಡಿ ಮಣ್ಣು. ಮರದ ಬೇರು ಮತ್ತು ಇಳಿಜಾರಿನ ಬುಡ, ಇವೆರಡೂ ಗುಡ್ಡವನ್ನು ಹಿಡಿದು ನಿಲ್ಲಿಸುತ್ತವೆ. ಬುಡವನ್ನು ನೇರವಾಗಿ ಕತ್ತರಿಸಿದರೆ ಮಳೆನೀರು ಶೇಡಿಯೊಳಗೆ ಇಳಿಯುತ್ತದೆ, ಮೇಲಿನ ಭಾರ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕತ್ತರಿಸಿದ್ದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯವರೂ ಲಾರಿ ಚಾಲಕರೂ ಮಣ್ಣುಪಾಲಾದರು. ಒಂದು ಲಾರಿಯನ್ನು ಗಂಗಾವಳಿಯ ತಳದಿಂದ ಎತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಅದಕ್ಕೆ ಮೂರು ವರ್ಷ ಹಿಂದೆ, 2021ರಲ್ಲಿ, ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಕಳಚಿಬಿದ್ದಿದ್ದವು. ಇಂಥ ಇಳಿಜಾರುಗಳಿರುವ ಸೀಮೆಯಲ್ಲೇ ಈಗ ಸುರಂಗ ಕೊರೆಯಬೇಕು, ಭೂಗತ ವಿದ್ಯುದಾಗಾರ ಕಟ್ಟಬೇಕು, ತೆಗೆದ ಕಲ್ಲುಮಣ್ಣನ್ನು ಎಲ್ಲಾದರೂ ಸುರಿಯಬೇಕು.

ಕೆಳದಂಡೆಯವರ ಪಾಡು ಇನ್ನೂ ಜಟಿಲ. ವಿದ್ಯುದಾಗಾರಗಳಿಂದ ವರ್ಷವಿಡೀ ಹರಿದುಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪನ್ನು ತೊಳೆದುಹಾಕಿತು. ಉಪ್ಪುನೀರನ್ನು ನಂಬಿದ್ದ ಮೀನು, ಬಳಚುಗಳು ಕ್ಷೀಣಿಸಿದವು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಗಜನಿ ಗದ್ದೆಗಳಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ ಇಂದಿಗೂ ತೆನೆಗಟ್ಟುತ್ತದೆ, ಬಳಚು ಹೆಕ್ಕಿ ಸಾವಿರಾರು ಜನ ಬದುಕುತ್ತಾರೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಮನ್ನಣೆಯೂ ಬಂತು. ಶರಾವತಿಯ ದಂಡೆಯವರು ಕಳೆದುಕೊಂಡದ್ದರ ಮೇಲೆಯೇ ಹೊಸ ಬದುಕು ಕಟ್ಟಿಕೊಂಡರು: ಸಿಹಿನೀರನ್ನು ನಂಬಿ ಅಡಿಕೆ, ತೆಂಗು ಬೆಳೆದರು, ಕುಡಿಯುವ ನೀರಿಗೂ ನದಿಯನ್ನೇ ಆಶ್ರಯಿಸಿದರು. ಗೇರುಸೊಪ್ಪೆಯ ನೀರು ದಿನವೂ ಮೇಲಕ್ಕೂ ಕೆಳಕ್ಕೂ ಓಡಾಡತೊಡಗಿದರೆ ಬೇಸಿಗೆಯಲ್ಲಿ ಕೆಳಕ್ಕೆ ಬಿಡುವ ನೀರೆಷ್ಟು? ಒಂದೇ ನೀರು ಸುತ್ತುತ್ತದೆ, ಚಿಂತೆ ಬೇಡ ಎಂಬ ಬಾಯಿಮಾತಿನ ಉತ್ತರದಿಂದ ತೆಂಗಿನ ಬೇರಿಗೆ ನೀರು ಸಿಗದು. ತಿಂಗಳು ತಿಂಗಳಿಗೆ ಇಷ್ಟು ನೀರು ಬಿಡಲಾಗುವುದೆಂಬ ಲಿಖಿತ ಲೆಕ್ಕ ಬೇಕು. ಆ ಲೆಕ್ಕ ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯತಿಯ ಫಲಕದ ಮೇಲೆ ಇರಬೇಕು.

ಬೇಡ್ತಿಯ ಅಣೆಕಟ್ಟನ್ನು ಉತ್ತರ ಕನ್ನಡದ ರೈತರು ತಡೆದದ್ದು ಘೋಷಣೆಯೊಂದರಿಂದಲೇ ಅಲ್ಲ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಒಂದೇ ಸಭೆಯಲ್ಲಿ ಕೂರಿಸಿ, ಯೋಜನೆಯ ಲಾಭನಷ್ಟವನ್ನು ಅಂಕಿ ಹಿಡಿದು ಪ್ರಶ್ನಿಸಿದರು. ಶರಾವತಿಗೂ ಅಂಥದೊಂದು ಸಭೆ ಬೇಕು. ಅಲ್ಲಿ ಮಂಡಿಸಬೇಕಾದ ಮೊದಲ ಕಡತ ಹೊಸ ಸುರಂಗದ್ದಲ್ಲ, 1964ರ ಮುಳುಗಡೆಯದು. ಅಂದು ಎತ್ತಂಗಡಿಯಾದವರ ಮೊಮ್ಮಕ್ಕಳು ಶಿವಮೊಗ್ಗ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ತಾವು ಉಳುವ ನೆಲ ಅರಣ್ಯವಾದ್ದರಿಂದ ಹಕ್ಕು ಕೊಡಲು ಕಾನೂನು ಅಡ್ಡಬರುತ್ತದೆಂಬ ಉತ್ತರ ಅವರಿಗೆ ದೊರೆಯುತ್ತಿದೆ. ಅಭಯಾರಣ್ಯದ 54 ಹೆಕ್ಟೇರಿಗೆ ಅದೇ ಕಾನೂನು ಹೇಗೆ ದಾರಿ ಬಿಡುತ್ತದೆಂಬುದನ್ನು ಆ ಸಭೆಯಲ್ಲಿ ಅಧಿಕಾರಿಗಳು ಅವರೆದುರು ನಿಂತು ವಿವರಿಸಲಿ.